ಮಗುವಿನ ಕೈಗೆ ಜಿ.ಪಿ.ಎಸ್. ಗಡಿಯಾರ: ಕಟ್ಟಿದರೆ ಸಾಲದು, ಕಲಿಸಬೇಕು



ಚಾಮರಾಜನಗರ, ಗುಂಡ್ಲುಪೇಟೆ ತಾಲ್ಲೂಕುಗಳಲ್ಲಿ ಮುಂಗಾರಿನ ಕೆಲಸ ಬಿರುಸಾಗುವುದೂ ಶಾಲೆಗಳು ಬಾಗಿಲು ತೆರೆಯುವುದೂ ಹೆಚ್ಚುಕಡಿಮೆ ಒಂದೇ ಕಾಲದಲ್ಲಿ. ಸೂರ್ಯಕಾಂತಿಗೆ ಕಳೆ ತೆಗೆಯುವುದೋ, ಚೆಂಡುಹೂ ಕೊಯ್ಲೋ, ಅರಿಸಿನಕ್ಕೆ ನೀರು ಕಟ್ಟುವುದೋ ಇದ್ದೇ ಇರುತ್ತದೆ. ಮನೆಯ ಹಿರಿಯರೆಲ್ಲ ಹೊಲದಲ್ಲಿ. ಸಂಜೆ ಶಾಲೆ ಬಿಟ್ಟ ಮಗು ಬಸ್ಸಿಳಿದು ಒಂದೆರಡು ಮೈಲಿ ಕಾಲುದಾರಿಯಲ್ಲಿ ನಡೆದು ಮನೆ ಸೇರಬೇಕು. ಕಾರ್ತಿಕ ಮಾಸ ಬಂತೆಂದರೆ ಆರು ಗಂಟೆಗೆಲ್ಲ ಕತ್ತಲು. ಆನೆಗಳು ಕಾಡಿನಿಂದ ಹೊಲದ ಕಡೆ ಹೊರಡುವ ಹೊತ್ತೂ ಅದೇ.

ಈ ಒಂದು ಗಂಟೆಯ ಆತಂಕ ಏನೆಂಬುದು ಹಂಗಳ, ಕುಂದಕೆರೆ, ಮೇಲುಕಾಮನಹಳ್ಳಿ ಕಡೆಯ ತಾಯಂದಿರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. 2019ರಲ್ಲಿ ಬಂಡೀಪುರದ ಅಂಚಿನ ಚೌಡಹಳ್ಳಿ, ಹುಂಡೀಪುರದ ಸುತ್ತಮುತ್ತ ಹುಲಿಯೊಂದು ಇಬ್ಬರು ರೈತರನ್ನು ಕೊಂದು, ಅಕ್ಟೋಬರ್ ತಿಂಗಳಿನಲ್ಲಿ ಸೆರೆಯಾಗುವವರೆಗೆ ಆ ಊರುಗಳಲ್ಲಿ ಯಾರೂ ನೆಮ್ಮದಿಯಿಂದ ಹೊಲಕ್ಕೆ ಹೋಗಲಿಲ್ಲ. 2023ರ ಜನವರಿಯಲ್ಲಿ ಪಕ್ಕದ ತಿರುಮಕೂಡಲು ನರಸೀಪುರ ತಾಲ್ಲೂಕಿನ ಹೊರಳಹಳ್ಳಿಯಲ್ಲಿ 11 ವರ್ಷದ ಬಾಲಕನೊಬ್ಬ ಚಿರತೆಗೆ ಬಲಿಯಾದ. ಕಾಡುಪ್ರಾಣಿಯೇ ಆಗಬೇಕೆಂದೂ ಇಲ್ಲ. ಬಸ್ಸು ತಪ್ಪುವುದು, ಹಳ್ಳದಲ್ಲಿ ನೀರು ಬರುವುದು, ಬದುವಿನಲ್ಲಿ ಹಾವು ಕಚ್ಚುವುದು, ಕೃಷಿ ಹೊಂಡಕ್ಕೆ ಜೊತೆಯ ಹುಡುಗ ಜಾರಿ ಬೀಳುವುದು, ಇವೆಲ್ಲ ನಮ್ಮ ನಡುವೆ ಆಗುವ ಸಂಗತಿಗಳೇ.

ಈಚೆಗೆ ಪೇಟೆಯಲ್ಲಿ ಮಕ್ಕಳ ಕೈಗೆ ಕಟ್ಟುವ ಜಿ.ಪಿ.ಎಸ್. ಗಡಿಯಾರಗಳು ಸಿಗುತ್ತಿವೆ. ಮಗು ಎಲ್ಲಿದೆ ಎಂಬುದು ಇದರಿಂದ ತಿಳಿಯುತ್ತದೆ. ಗುಂಡಿ ಒತ್ತಿದರೆ ಮನೆಗೆ ಕರೆ ಹೋಗುತ್ತದೆ. ಕೊಂಡ ಅನೇಕರು ಅದನ್ನು ಮಗುವಿನ ಕೈಗೆ ಕಟ್ಟಿ, ತಮ್ಮ ಕೆಲಸ ಮುಗಿಯಿತೆಂದು ಸುಮ್ಮನಾಗುತ್ತಾರೆ. ಹೊಸ ಸ್ಪ್ರೇಯರ್ ತಂದು ನಳಿಕೆಯನ್ನು ನೋಡದೆ ಔಷಧಿ ಹೊಡೆಯಲು ಹೊರಟಂತೆ ಇದು.

ಗಡಿಯಾರ ಕೆಲಸ ಮಾಡುವ ಬಗೆ

ಜಿ.ಪಿ.ಎಸ್. ಎಂಬುದು ಅಮೆರಿಕದ ಉಪಗ್ರಹಗಳ ವ್ಯವಸ್ಥೆ. ಇದರ ಮೊದಲ ಉಪಗ್ರಹ 1978ರಲ್ಲಿ ಹಾರಿತು. ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಈ ಉಪಗ್ರಹಗಳು ಸದಾಕಾಲ ರೇಡಿಯೋ ಸಂಕೇತಗಳನ್ನು ಕಳಿಸುತ್ತಿರುತ್ತವೆ. ಗಡಿಯಾರವು ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತವನ್ನು ಹಿಡಿದು, ಅವು ಬಂದು ಮುಟ್ಟಲು ತೆಗೆದುಕೊಂಡ ಕಾಲವನ್ನು ಲೆಕ್ಕ ಹಾಕಿ, ತಾನು ಎಲ್ಲಿದ್ದೇನೆಂದು ಕಂಡುಕೊಳ್ಳುತ್ತದೆ. ಬಯಲಿನಲ್ಲಿ ಈ ಲೆಕ್ಕ ಐದು ಹತ್ತು ಮೀಟರ್ ಅಂತರದೊಳಗೆ ಸರಿಯಾಗಿರುತ್ತದೆ.

ಇಲ್ಲಿ ಒಂದು ಮಾತನ್ನು ಚೆನ್ನಾಗಿ ತಿಳಿಯಬೇಕು. ಉಪಗ್ರಹಕ್ಕೆ ನಿಮ್ಮ ಮಗುವಿನ ಸುದ್ದಿಯೇ ಗೊತ್ತಿಲ್ಲ. ಗಡಿಯಾರ ಉಪಗ್ರಹದ ಮಾತನ್ನು ಕೇಳಿಸಿಕೊಳ್ಳುತ್ತದೆಯೇ ಹೊರತು ಅದಕ್ಕೆ ಏನನ್ನೂ ಹೇಳುವುದಿಲ್ಲ. ಕಂಡುಕೊಂಡ ಜಾಗವನ್ನು ನಿಮಗೆ ತಿಳಿಸಲು ಗಡಿಯಾರದೊಳಗೆ ಸಿಮ್ ಇರಬೇಕು, ಆ ಸಿಮ್ಮಿಗೆ ಮೊಬೈಲ್ ಗೋಪುರದ ಸಿಗ್ನಲ್ ಸಿಗಬೇಕು, ಅದರಲ್ಲಿ ಹಣವೂ ಇರಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ಗಡಿಯಾರ ಬರೀ ಹೊತ್ತು ತೋರಿಸುತ್ತದೆ. ಕಾಡಾನೆಯ ಕೊರಳಿಗೆ ಕಟ್ಟುವ ಜಿ.ಪಿ.ಎಸ್. ಪಟ್ಟಿಯ ಮೂಲತತ್ವವೂ ಇದೇ. ಎಲ್ಲಿದ್ದೇನೆಂದು ತಿಳಿಯುವುದು ಒಂದು ಕೆಲಸ, ತಿಳಿಸುವುದು ಇನ್ನೊಂದು.

ಕಟ್ಟಡದೊಳಗೆ, ಹೆಂಚಿನ ಮನೆಯೊಳಗೆ, ದಟ್ಟ ಮರಗಳ ಕೆಳಗೆ ಉಪಗ್ರಹದ ಸಂಕೇತ ಕ್ಷೀಣಿಸುತ್ತದೆ. ಆಗ ಗಡಿಯಾರ ಹತ್ತಿರದ ಮೊಬೈಲ್ ಗೋಪುರವನ್ನು ನೋಡಿ ಅಂದಾಜು ಜಾಗ ಹೇಳುತ್ತದೆ. ಗೋಪುರಗಳು ದೂರದೂರ ಇರುವ ನಮ್ಮ ಹಳ್ಳಿಗಳಲ್ಲಿ ಆ ಅಂದಾಜು ಒಂದು ಕಿಲೋಮೀಟರ್ ಅಥವಾ ಅದಕ್ಕೂ ಹೆಚ್ಚು ತಪ್ಪಬಹುದು. ನಕ್ಷೆಯಲ್ಲಿ ಮಗು ಕೆರೆಯ ನಡುವೆ ಇರುವಂತೆ ಕಂಡಿತೆಂದು ಎದೆ ಒಡೆದುಕೊಳ್ಳಬೇಡಿ. ಹಾಗೆಯೇ, ಮನೆಯ ಬಳಿ ತೋರಿಸಿತೆಂದು ನಿಶ್ಚಿಂತರಾಗಲೂ ಬೇಡಿ. ಆ ಗುರುತು ಎಷ್ಟು ಹೊತ್ತಿನ ಹಿಂದಿನದು ಎಂಬುದು ಪಕ್ಕದಲ್ಲೇ ಬರೆದಿರುತ್ತದೆ, ಅದನ್ನು ಮೊದಲು ನೋಡಿ.

ಮೊದಲು ದಾರಿಯನ್ನು ಪರೀಕ್ಷಿಸಿ

ಮಣ್ಣು ಪರೀಕ್ಷೆ ಮಾಡಿಸದೆ ಗೊಬ್ಬರ ಹಾಕಬಾರದೆಂದು ಈ ಪುಟಗಳಲ್ಲಿ ಎಷ್ಟೋ ಸಲ ಓದಿದ್ದೀರಿ. ಗಡಿಯಾರದ ವಿಷಯದಲ್ಲೂ ಕೊಳ್ಳುವ ಮುನ್ನ ಒಂದು ಪರೀಕ್ಷೆ ಅವಶ್ಯಕ. ಭಾನುವಾರ ಮಗುವನ್ನು ಕರೆದುಕೊಂಡು, ಅದು ದಿನವೂ ನಡೆಯುವ ದಾರಿಯಲ್ಲೇ ಮೊಬೈಲ್ ಹಿಡಿದು ನಡೆಯಿರಿ. ಯಾವ ಕಂಪನಿಯ ಸಿಮ್ಮಿಗೆ ಎಲ್ಲಿ ಸಿಗ್ನಲ್ ಇದೆ, ಎಲ್ಲಿ ಇಲ್ಲ ಎಂದು ಗುರುತು ಮಾಡಿಕೊಳ್ಳಿ. ಮನೆಯಲ್ಲಿ ಎರಡು ಮೂರು ಕಂಪನಿಗಳ ಸಿಮ್ ಇದ್ದರೆ ಎಲ್ಲವನ್ನೂ ನೋಡಿ. ಹಳ್ಳಕ್ಕಿಳಿದಾಗ ಸಿಗ್ನಲ್ ಹೋಗಿ, ಏರಿ ಹತ್ತಿದಾಗ ಮತ್ತೆ ಬರುವುದು ಸಾಮಾನ್ಯ. ಕೇರಳ, ತಮಿಳುನಾಡಿನ ಗಡಿಯ ಊರುಗಳಲ್ಲಿ ಆಚೆ ಕಡೆಯ ಗೋಪುರದ ಸಿಗ್ನಲ್ ಬರಲೂಬಹುದು.

ಸಿಗ್ನಲ್ ಇರುವ ಏರುಜಾಗಗಳು ಮಗುವಿಗೆ ಬಾಯಿಪಾಠವಾಗಿರಲಿ. "ತೊಂಬೆ ತಾವ ಸಿಗ್ನಲ್ ಅದೆ, ಹಳ್ಳದ ತಾವ ಇಲ್ಲ" ಎಂದು ಅದು ತಾನೇ ಹೇಳುವಂತಾದರೆ ಅರ್ಧ ಪಾಠ ಮುಗಿದಂತೆ. ದಾರಿಯ ಬಹುಭಾಗದಲ್ಲಿ ಸಿಗ್ನಲ್ ಇಲ್ಲವೆಂದು ಕಂಡುಬಂದರೆ ಗಡಿಯಾರಕ್ಕೆ ಹಣ ಹಾಕಬೇಡಿ. ಅದೇ ದಾರಿಯ ನಾಲ್ಕು ಮನೆಯ ಮಕ್ಕಳು ಒಟ್ಟಿಗೆ ಬರುವ ಏರ್ಪಾಡು ಮಾಡಿ, ಸರದಿಯಂತೆ ಒಬ್ಬ ಹಿರಿಯರು ಎದುರು ಹೋಗುವುದು ಲೇಸು. ಹನೂರು ತಾಲ್ಲೂಕಿನ ಮಲೆ ಮಹದೇಶ್ವರ ವನ್ಯಧಾಮದ ಒಳಗಿನ ಊರುಗಳ ಮಕ್ಕಳಿಗಾಗಿ 2022ರಲ್ಲಿ ಅರಣ್ಯ ಇಲಾಖೆಯವರು ಜನವನ ಸಾರಿಗೆ ಎಂಬ ಜೀಪಿನ ವ್ಯವಸ್ಥೆ ಮಾಡಿದ್ದೂ ಮೈಲಿಗಟ್ಟಲೆ ಕಾಡುದಾರಿಯ ನಡಿಗೆಯನ್ನು ತಪ್ಪಿಸಲೆಂದೇ. ನಡೆಯುವುದನ್ನೇ ತಪ್ಪಿಸಿದ ಮೇಲೆ ಯಾವ ಗಡಿಯಾರವೂ ಅದಕ್ಕೆ ಸಮವಲ್ಲ.

ಮಗುವಿಗೆ ಕಲಿಸುವ ಕ್ರಮ

ಹೆಚ್ಚಿನ ಗಡಿಯಾರಗಳಲ್ಲಿ ಪಕ್ಕದ ಒಂದು ಗುಂಡಿಯನ್ನು ಮೂರರಿಂದ ಐದು ಸೆಕೆಂಡು ಒತ್ತಿ ಹಿಡಿದರೆ ತುರ್ತು ಕರೆ ಹೊರಡುತ್ತದೆ. ಇದನ್ನು ಎಸ್.ಓ.ಎಸ್. ಗುಂಡಿ ಎನ್ನುತ್ತಾರೆ. ಮೊದಲು ತುಂಬಿಸಿಟ್ಟ ಎರಡು ಮೂರು ನಂಬರುಗಳಿಗೆ ಒಂದಾದ ಮೇಲೊಂದರಂತೆ ಕರೆ ಹೋಗಿ, ಯಾರು ಎತ್ತುತ್ತಾರೋ ಅವರೊಡನೆ ಮಗು ಮಾತನಾಡಬಹುದು. ನಂಬರು ತುಂಬಿಸುವಾಗ ತಂದೆ ತಾಯಿ ಇಬ್ಬರದನ್ನೇ ಹಾಕಿ ಮುಗಿಸಬೇಡಿ. ಇಬ್ಬರೂ ಒಂದೇ ಹೊಲದಲ್ಲಿ, ಫೋನು ಎರಡೂ ಬದುವಿನ ಮೇಲಿನ ಚೀಲದಲ್ಲಿ, ಪಂಪಿನ ಸದ್ದು ಬೇರೆ! ಊರಿನಲ್ಲೇ ಇರುವ ಅಂಗಡಿಯವರದೋ, ಬೈಕ್ ಇರುವ ಚಿಕ್ಕಪ್ಪನದೋ ಮೂರನೆಯದಾಗಿರಲಿ. ಅವರಿಗೂ ವಿಷಯ ತಿಳಿಸಿ.

ಒತ್ತಿ ಹಿಡಿಯುವುದನ್ನು ಬಾಯಲ್ಲಿ ಹೇಳಿದರೆ ಮಕ್ಕಳಿಗೆ ಹತ್ತುವುದಿಲ್ಲ. ಗಾಬರಿಯಾದಾಗ ಅವು ಪಟಪಟ ಒತ್ತಿ ಬಿಟ್ಟುಬಿಡುತ್ತವೆ, ಕರೆ ಹೋಗುವುದೇ ಇಲ್ಲ. "ಒಂದು, ಎರಡು, ಮೂರು, ನಾಕು, ಐದು" ಎಂದು ಎಣಿಸುತ್ತಾ ಹಿಡಿಯುವ ಆಟ ಆಡಿಸಿ. ಕಣ್ಣು ಮುಚ್ಚಿ ಒತ್ತಿಸಿ. ಎಡಗೈಯಿಂದ ಒತ್ತಿಸಿ. ಓಡಿಬಂದು ಏದುಸಿರು ಬಿಡುವಾಗ ಒತ್ತಿಸಿ. ವಾರಕ್ಕೊಮ್ಮೆ ಹೀಗೆ ಮಾಡಿದರೆ ಗಡಿಯಾರಕ್ಕೂ ಪರೀಕ್ಷೆಯಾದೀತು.

ಕರೆ ಹತ್ತಿದ ಮೇಲೆ ಏನು ಹೇಳಬೇಕು? ಮಗು ಅಳುತ್ತಾ "ಅವ್ವೋ, ಬಾ" ಎಂದಷ್ಟೇ ಹೇಳಿದರೆ ಕೇಳಿದವರು ದಿಕ್ಕೆಟ್ಟು ನಿಲ್ಲುತ್ತಾರೆ. ಮೂರು ಮಾತು ಸಾಕು: ಎಲ್ಲಿದ್ದೇನೆ, ಏನಾಯಿತು, ಜೊತೆಯಲ್ಲಿ ಯಾರಿದ್ದಾರೆ. "ಅಪ್ಪ, ಹಳ್ಳದ ಸೇತ್ವೆ ತಾವ ಇವ್ನಿ. ನೀರು ಬಂದದೆ. ಜೊತೇಲಿ ತಂಗಿ ಅವ್ಳೆ." ಇಷ್ಟೇ. ಮೊದಲ ಮಾತು ಜಾಗದ್ದೇ ಆಗಿರಬೇಕು, ಏಕೆಂದರೆ ಕರೆ ಯಾವ ಕ್ಷಣದಲ್ಲಾದರೂ ಕಡಿದುಹೋಗಬಹುದು. ನಿಮ್ಮ ಮನೆಯಲ್ಲಿ ಕೀಲಿಯ ಫೋನು ಮಾತ್ರ ಇದ್ದರೆ ನಕ್ಷೆ ಕಾಣಿಸುವುದೇ ಇಲ್ಲ. ಆಗ ಮಗುವಿನ ಮಾತೇ ನಕ್ಷೆ. ಆದ್ದರಿಂದ ದಾರಿಯುದ್ದಕ್ಕೂ ಗುರುತುಗಳಿಗೆ ಹೆಸರು ಕಲಿಸಿ: ಮಾರಮ್ಮನ ಗುಡಿ, ಅರಳಿಕಟ್ಟೆ, ಟ್ರಾನ್ಸ್‌ಫಾರ್ಮರ್, ಯಾರ ಹೊಲದ ಗೇಟು.

ಕರೆ ಮಾಡಿದ ಮೇಲೆ ಅಪಾಯವಿಲ್ಲದ ಜಾಗದಲ್ಲಿ ನಿಂತಲ್ಲೇ ನಿಲ್ಲುವುದನ್ನು ಕಲಿಸುವುದು ಎಲ್ಲಕ್ಕಿಂತ ಕಷ್ಟ. ಮಗು ಮನೆಯ ಕಡೆ ಓಡುತ್ತದೆ, ನೀವು ಬೇರೆ ದಾರಿಯಲ್ಲಿ ಬರುತ್ತೀರಿ, ಇಬ್ಬರೂ ತಪ್ಪಿಹೋಗುತ್ತೀರಿ. ನಮ್ಮ ಪರಿಚಯದ ರೈತರೊಬ್ಬರ ಮನೆಯಲ್ಲಿ ಹೀಗೇ ಆಯಿತು. ಎಂಟು ವರ್ಷದ ಹುಡುಗಿ ಸರಿಯಾಗಿ ಗುಂಡಿ ಒತ್ತಿದಳು, ಸರಿಯಾಗಿ ಜಾಗ ಹೇಳಿದಳು, ಆಮೇಲೆ ಜೋಳದ ಹೊಲ ಹಾಯ್ದು ಅಡ್ಡದಾರಿ ಹಿಡಿದಳು. ಮುಕ್ಕಾಲು ಗಂಟೆ ಹುಡುಕಿದರಂತೆ. "ಅಪ್ಪ ಬೈತಾನೆ ಅಂತ ಬೇಗ ಬಂದೆ" ಎಂದಳಂತೆ ಆ ಹುಡುಗಿ.

ಇದರಿಂದ ಇನ್ನೊಂದು ಮಾತು. ಸುಮ್ಮಸುಮ್ಮನೆ ಒತ್ತಿದ ಮಗುವನ್ನು ಗದರಿಸಬೇಡಿ. ಒಮ್ಮೆ ಬೈಸಿಕೊಂಡ ಮಗು ನಿಜವಾದ ಕಷ್ಟದಲ್ಲೂ ಒತ್ತಲು ಹಿಂಜರಿಯುತ್ತದೆ. ಹತ್ತು ಸುಳ್ಳು ಕರೆಗಳಿಗೆ ಓಡಿದರೂ ನಷ್ಟವಿಲ್ಲ.

ಒತ್ತುವ ಮೊದಲು ಮಾಡಬೇಕಾದ್ದು

ಆನೆಯೋ ಚಿರತೆಯೋ ಎದುರಾದಾಗ ಮಗು ನಿಂತು ಗಡಿಯಾರ ನೋಡುತ್ತಾ ಕೂತರೆ ಕೆಟ್ಟಿತು. ಮೊದಲು ದೂರವಾಗಬೇಕು, ಆಮೇಲೆ ಗುಂಡಿ. ಆನೆ ಕಂಡರೆ ಸದ್ದಿಲ್ಲದೆ ಹಿಂದಕ್ಕೆ ಸರಿದು ಹತ್ತಿರದ ಮನೆ ಸೇರಬೇಕು. ಕಲ್ಲು ಹೊಡೆಯುವುದು, ಕೂಗಿ ಕೆಣಕುವುದು ಬೇಡವೇ ಬೇಡ. ಚಿರತೆ ಕಂಡರೆ ಬೆನ್ನು ತೋರಿಸಿ ಓಡಬಾರದು, ಕೂರಬಾರದು, ಬಗ್ಗಬಾರದು. ಚಿಕ್ಕ ತಂಗಿ ತಮ್ಮಂದಿರನ್ನು ಹತ್ತಿರ ಸೇರಿಸಿಕೊಂಡು ನೇರ ನಿಂತು, ಜೋರಾಗಿ ಕೂಗುತ್ತಾ ಮೆಲ್ಲಗೆ ಹಿಂದೆ ಸರಿಯಬೇಕು. ಹೊಂಡದಲ್ಲಿ ಬಿದ್ದವನನ್ನು ಹಿಡಿಯಲು ಈಜು ಬಾರದ ಮಗು ತಾನೂ ಇಳಿಯಬಾರದು. ಕೂಗಬೇಕು, ಕೋಲೋ ಹಗ್ಗವೋ ಚಾಚಬೇಕು, ಜೊತೆಯ ಮಗು ಗುಂಡಿ ಒತ್ತಬೇಕು. ಹಾವು ಕಚ್ಚಿದರೆ ಓಡದೆ ಕೂತಲ್ಲೇ ಕರೆ ಮಾಡಬೇಕು. ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಮಂತ್ರ ಹಾಕಿಸಲು ಒಯ್ಯುವುದು ಬೇಡ, ನೇರ ಆಸ್ಪತ್ರೆಗೇ ಹೋಗಬೇಕು.

ಮಗುವಿನ ಕರೆ ಬಂದ ಮೇಲೆ ಹೊರಗಿನ ನೆರವು ಕರೆಯುವುದು ಹಿರಿಯರ ಕೆಲಸ. ಪೊಲೀಸ್, ಅಗ್ನಿಶಾಮಕ, ಇತರ ತುರ್ತು ನೆರವಿಗೆ 112, ಆಂಬ್ಯುಲೆನ್ಸಿಗೆ 108, ಕಾಡುಪ್ರಾಣಿಯ ವಿಷಯಕ್ಕೆ ಅರಣ್ಯ ಇಲಾಖೆಯ ಸಹಾಯವಾಣಿ 1926. ಕರೆ ಮಾಡಿದಾಗ ಜಿಲ್ಲೆ, ತಾಲ್ಲೂಕು, ಊರು, ಗುರುತು, ಈ ಕ್ರಮದಲ್ಲಿ ಹೇಳಿ. ಒಂದೇ ಹೆಸರಿನ ಊರು ಎರಡು ತಾಲ್ಲೂಕುಗಳಲ್ಲಿರುವುದುಂಟು.

ಕೊಳ್ಳುವಾಗ

ಅಗ್ಗದ ಗಡಿಯಾರಗಳಲ್ಲಿ ಕೆಲವಕ್ಕೆ ಜಿ.ಪಿ.ಎಸ್. ಇರುವುದೇ ಇಲ್ಲ, ಗೋಪುರದ ಅಂದಾಜೇ ಗತಿ. ಡಬ್ಬಿಯ ಮೇಲೆ ಎಲ್.ಬಿ.ಎಸ್. ಎಂದು ಮಾತ್ರ ಇದ್ದರೆ ಅಂಥದು. 2ಜಿ ಗಡಿಯಾರವಾದರೆ ಜಿಯೋ ಸಿಮ್ ಅದರಲ್ಲಿ ನಡೆಯುವುದಿಲ್ಲ. 4ಜಿ ಗಡಿಯಾರವನ್ನೇ ಕೇಳಿ, ನಿಮ್ಮ ಸಿಮ್ ಹಾಕಿಸಿ, ಅಂಗಡಿಯ ಹೊರಗೆ ಬಯಲಿನಲ್ಲಿ ಕರೆ ಮಾಡಿ ನೋಡಿಯೇ ಹಣ ಕೊಡಿ.

ಗುಪ್ತಪದವನ್ನು ಅಂದೇ ಬದಲಿಸಿ. 2019ರಲ್ಲಿ ಅವಾಸ್ಟ್ ಎಂಬ ಸುರಕ್ಷತಾ ಸಂಸ್ಥೆ ಪರೀಕ್ಷಿಸಿದಾಗ, ಚೀನಾದ ಒಂದು ಕಂಪನಿ ತಯಾರಿಸಿದ ಸುಮಾರು ಆರು ಲಕ್ಷ ಪತ್ತೆ ಉಪಕರಣಗಳಿಗೆ 123456 ಎಂಬ ಒಂದೇ ಗುಪ್ತಪದ ಇತ್ತು. ಅಂದರೆ ಮಗು ಎಲ್ಲಿದೆಯೆಂದು ನಿಮಗೆ ತಿಳಿಯುವಂತೆಯೇ ಅಪರಿಚಿತನಿಗೂ ತಿಳಿಯುತ್ತಿತ್ತು. ಜರ್ಮನಿಯವರು 2017ರಲ್ಲೇ, ಮಗುವಿನ ಸುತ್ತಲ ಮಾತನ್ನು ದೂರದಿಂದ ಗುಟ್ಟಾಗಿ ಕೇಳಬಲ್ಲ ಗಡಿಯಾರಗಳ ಮಾರಾಟವನ್ನು ನಿಷೇಧಿಸಿದರು. ಅಂಥ ಸೌಲಭ್ಯವಿದ್ದರೆ ಅದನ್ನು ಬಳಸಬೇಡಿ. ತರಗತಿಯ ಪಾಠ ಕದ್ದು ಕೇಳಿಸಿಕೊಳ್ಳುವುದು ಉಪಾಧ್ಯಾಯರಿಗೂ ಸರಿಬರುವುದಿಲ್ಲ. ಶಾಲೆಯ ಹೊತ್ತಿನಲ್ಲಿ ಆಟ, ಸದ್ದು ಎಲ್ಲ ಮುಚ್ಚುವ ವ್ಯವಸ್ಥೆ ಬಹುತೇಕ ಗಡಿಯಾರಗಳಲ್ಲಿದೆ. ಮುಖ್ಯೋಪಾಧ್ಯಾಯರನ್ನು ಕಂಡು, ಅದನ್ನು ತೋರಿಸಿ, ಒಪ್ಪಿಗೆ ಪಡೆಯಿರಿ.

ಗಡಿಯಾರಕ್ಕೆ ಖರ್ಚು ಮಾಡಲಾಗದವರು ನಿರಾಶರಾಗಬೇಕಿಲ್ಲ. ಕೀಲಿಯ ಫೋನುಗಳಲ್ಲಿ 5 ಅಥವಾ 9ರ ಕೀಲಿಯನ್ನು ಒತ್ತಿ ಹಿಡಿದರೆ ತುರ್ತು ಕರೆ ಹೋಗುವಂತಿರಬೇಕೆಂದು ಕೇಂದ್ರ ಸರ್ಕಾರ 2016ರಲ್ಲೇ ನಿಯಮ ಮಾಡಿದೆ. ನಿಮ್ಮ ಫೋನಿನಲ್ಲಿ ಅದು ಹೇಗಿದೆಯೆಂದು ಅಂಗಡಿಯವರಲ್ಲಿ ಕೇಳಿ ತಿಳಿದು, ಗುಂಪಿನ ದೊಡ್ಡ ಮಗುವಿಗೆ ಹೇಳಿಕೊಡಿ.

ಕೊನೆಯದಾಗಿ ಚಾರ್ಜಿನ ವಿಷಯ. ಈ ಗಡಿಯಾರಗಳ ಬ್ಯಾಟರಿ ಸಾಮಾನ್ಯವಾಗಿ ಒಂದೆರಡು ದಿನ ಬರುತ್ತದೆ. ಸಿಗ್ನಲ್ ಹುಡುಕಾಡುವ ಕಡೆ ಇನ್ನೂ ಬೇಗ ಇಳಿಯುತ್ತದೆ. ರಾತ್ರಿ ಕರೆಂಟು ಹೋಗುವ ಊರುಗಳಲ್ಲಿ ಮಲಗುವಾಗ ಹಾಕಿದ ಚಾರ್ಜನ್ನು ನಂಬಬೇಡಿ. ಮಗು ಶಾಲೆಯಿಂದ ಬಂದು ಕೈಕಾಲು ತೊಳೆಯುವಾಗಲೇ ಗಡಿಯಾರ ಬಿಚ್ಚಿ ಚಾರ್ಜಿಗೆ ಹಾಕಿ, ಬೆಳಿಗ್ಗೆ ಬುತ್ತಿ ಕಟ್ಟುವಾಗ ಎಷ್ಟಿದೆಯೆಂದು ಇನ್ನೊಮ್ಮೆ ನೋಡಿ. ಸಿಮ್ಮಿನ ರೀಚಾರ್ಜ್ ಮುಗಿಯುವ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ.