ನೀರಿನಲ್ಲಿರುವ ಎಮ್ಮೆಯ ವ್ಯಾಪಾರ

ಎತ್ತು ಕೊಳ್ಳಲು ಜಾತ್ರೆಗೆ ಹೋದ ರೈತನು ಮೊದಲು ಅದರ ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ, ಸುಳಿ ನೋಡುತ್ತಾನೆ, ಹತ್ತು ಹೆಜ್ಜೆ ನಡೆಸಿ, ಕುಂಟುವುದೇ ಎಂದು ಪರೀಕ್ಷಿಸುತ್ತಾನೆ. ಅವನ ಮಗನು ಪೇಟೆಯಲ್ಲಿ ನೌಕರಿ ಹಿಡಿದು, ಹಳೆಯ ಜೀಪೊಂದನ್ನು ಕೊಳ್ಳಹೊರಟಾಗ ಮಾತ್ರ ಹೊಸ ಬಣ್ಣಕ್ಕೆ ಮರುಳಾಗಿ ಅಲ್ಲಿಯೇ ಮುಂಗಡ ಕೊಟ್ಟು ಬರುತ್ತಾನೆ. ನೀರಿನಲ್ಲಿರುವ ಎಮ್ಮೆಗೆ ಬೆಲೆ ಕಟ್ಟುವುದೆಂದರೆ ಇದೇ ಅಲ್ಲವೆ?

ಹೊಸಪೇಟೆ, ಚಿತ್ತವಾಡ್ಗಿಗಳ ಸೀಮೆಯವರಿಗೆ ಈ ಎಚ್ಚರ ಇನ್ನಷ್ಟು ಬೇಕು. ದಕ್ಷಿಣಕ್ಕಿರುವ ಸಂಡೂರಿನ ಬೆಟ್ಟಸಾಲು ಕಬ್ಬಿಣ, ಮ್ಯಾಂಗನೀಸುಗಳ ಆಗರ. ಅಲ್ಲಿಯ ಗಣಿದಾರಿಗಳನ್ನು ಏರಿಳಿದ ವಾಹನದ ಮೈಯೊಳಗೆ ಕೆಂಪು ದೂಳು ಸೇರದೆ ಬಿಡದು. 2011ರ ಜುಲೈಯಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆದಾಗ ಗಣಿಗಳನ್ನೇ ನಂಬಿದ್ದ ವಾಹನಗಳಿಗೆ ಕೆಲಸ ತಪ್ಪಿತು. ನಿಂತ ಗಾಡಿ ದುಡಿದ ಗಾಡಿಗಿಂತ ಮೇಲೆಂದು ಭಾವಿಸಬಾರದು. ನಿಂತಲ್ಲಿಯೇ ರಬ್ಬರಿನ ಸೀಲುಗಳು ಒಣಗಿ ಬಿರಿಯುತ್ತವೆ, ಬ್ರೇಕುಗಳು ತುಕ್ಕು ಹಿಡಿಯುತ್ತವೆ.

ಆದ್ದರಿಂದ ಬಣ್ಣವನ್ನು ಬಿಟ್ಟು ನೆಲಹಾಸನ್ನು ಎತ್ತಿರಿ. ಸೀಟಿನ ಕೆಳಗೆ, ಬಾಗಿಲ ತಳದ ಸಂದಿಯಲ್ಲಿ ಬೆರಳಾಡಿಸಿರಿ. ಬೆರಳು ಕೆಂಪಾದರೆ ಆ ಗಾಡಿ ಬೆಟ್ಟ ಕಂಡದ್ದೆಂದು ಊಹಿಸಬಹುದು. ಬೇರಿಂಗಿನೊಳಗೆ ಹೊಕ್ಕ ಅದಿರಿನ ದೂಳು ಸಾಣೆಯ ಪುಡಿಯಂತೆ ಉಕ್ಕನ್ನು ತೇಯುತ್ತದೆ. ಬಳಿಕ ಚಾಪೆ ಹಾಸಿ ಗಾಡಿಯ ಕೆಳಗೆ ಮಲಗಲು ನಾಚಬೇಡಿರಿ. ಚಾಸಿಯ ಉದ್ದಕ್ಕೂ ಬೆಸುಗೆಯ ಗಂಟು, ಬಿರುಕು ಇವೆಯೇ? ಒಂದೇ ತುಂಡಿನಲ್ಲಿ ಮಾತ್ರ ಹೊಸ ಬಣ್ಣ ಬಳಿದಿರುವುದೇಕೆ? ಇಳಿಜಾರಿನಲ್ಲಿ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಬರುವವನಿಗೆ ಇದು ಹಣದ ಪ್ರಶ್ನೆಯಷ್ಟೇ ಅಲ್ಲ.

ಮುಂಬಯಿಯಲ್ಲಿ ಮಹೀಂದ್ರಾ ಸಂಸ್ಥೆಯವರು ವಿಲ್ಲೀಸ್ ಜೀಪನ್ನು ಜೋಡಿಸತೊಡಗಿದ್ದು 1949ರಲ್ಲಿ. ಅಂದಿನಿಂದ ಜನರ ಬಾಯಲ್ಲಿ ಜೀಪೆಂದರೆ ನಾಲ್ಕು ಚಕ್ರದ ಚಾಲನೆ ಎಂಬ ಭಾವನೆ ಬೇರೂರಿದೆ. ಆದರೆ ಹಿಂದಿನ ಎರಡೇ ಚಕ್ರಗಳಿಗೆ ಶಕ್ತಿಯುಳ್ಳ ಜೀಪುಗಳೂ ಧಾರಾಳವಾಗಿ ತಯಾರಾದುವು. ಹಳೆಯ ಜೀಪಿನಲ್ಲಿ ಗೇರಿನ ಪಕ್ಕದ ಸಣ್ಣ ಸನ್ನೆಗೋಲನ್ನು ಕಂಡೊಡನೆ ನಂಬಬೇಡಿರಿ. ಮುಂದಿನ ಪ್ರೊಪೆಲರ್ ಶಾಫ್ಟನ್ನು ಬಿಚ್ಚಿಟ್ಟು ಮಾರುವವರೂ ಉಂಟು! ಸಡಿಲ ಮರಳಿನ ಮೇಲೆ ನಿಲ್ಲಿಸಿ, ಸನ್ನೆಗೋಲನ್ನು ಹಾಕಿ, ಗಾಡಿಯನ್ನು ಹೊರಡಿಸಿದರೆ ಮುಂದಿನ ಚಕ್ರಗಳೂ ನೆಲವನ್ನು ಕೆದರಬೇಕು. ಇಂಥ ಗಾಡಿಯನ್ನು ನಾಲ್ಕು ಚಕ್ರದ ಚಾಲನೆಯಲ್ಲಿ ಒಣ ಟಾರು ರಸ್ತೆಯ ಮೇಲೆ ಸುತ್ತಿಸಬಾರದು. ಅಲ್ಲಿ ಚಕ್ರಗಳು ಜಾರಲಾರದೆ ಹಲ್ಲುಗಾಲಿಗಳ ಮೇಲೆ ಒತ್ತಡ ಬೀಳುತ್ತದೆ. ಗೇರಿನ ಪೆಟ್ಟಿಗೆಯಿಂದ ತೆಗೆದ ಎಣ್ಣೆ ಹಾಲಿನಂತೆ ಬೆಳ್ಳಗಿದ್ದರೆ ನೀರು ಸೇರಿದೆ ಎಂದರ್ಥ. ನದೀತೀರದ ಕೆಸರಿನಲ್ಲಿ ಓಡಿದ ಗಾಡಿಗೆ ಈ ಪರೀಕ್ಷೆ ತಪ್ಪಬಾರದು.

ಎಂಜಿನನ್ನು ಬೆಳಗಿನ ಹೊತ್ತು, ತಣ್ಣಗಿರುವಾಗಲೇ ನೋಡಬೇಕು. ನೀವು ಹೋಗುವಷ್ಟರಲ್ಲಿ ಬಾನೆಟ್ಟು ಬಿಸಿಯಾಗಿದ್ದರೆ ಮತ್ತೊಂದು ದಿನ ಹೋಗುವುದೇ ಲೇಸು. ಹೊಗೆ ನೀಲಿಯಾದರೆ ಎಂಜಿನ್ ಎಣ್ಣೆ ಉರಿಯುತ್ತಿದೆ ಎಂದು ತಿಳಿಯಿರಿ. ಮೇಸ್ತ್ರಿಯನ್ನು ನೀವೇ ಕರೆದೊಯ್ಯಿರಿ, ಕೂಲಿಯನ್ನೂ ನೀವೇ ಕೊಡಿರಿ. ಮಾರುವವನ ಮೇಸ್ತ್ರಿ ಮಾರುವವನ ಉಪ್ಪನ್ನೇ ತಿಂದವನು.

ಇನ್ನು ಕಾಗದಪತ್ರ. ಫಲಕದ ಮೇಲೆ ಹೊಸಪೇಟೆಯ ಕೆಎ 35 ಎಂದಿದ್ದ ಮಾತ್ರಕ್ಕೆ ಗಾಡಿ ನಮ್ಮೂರದೇ ಎಂದು ಸಮಾಧಾನಪಡುವುದು ಬೇಡ. ಚಾಸಿಯ ಮೇಲೆ ಕೆತ್ತಿದ ಅಂಕಿಯನ್ನು ನೋಂದಣಿ ಪತ್ರದೊಡನೆ ಒಂದೊಂದಾಗಿ ಹೋಲಿಸಿರಿ. ಖಾಸಗಿ ವಾಹನದ ನೋಂದಣಿಗೆ 15 ವರ್ಷ ಆಯುಸ್ಸು, ಅನಂತರ ನವೀಕರಿಸಬೇಕು. ಪತ್ರದಲ್ಲಿ ಸಾಲ ಕೊಟ್ಟವರ ಹೆಸರಿದ್ದರೆ ಅವರ ಒಪ್ಪಿಗೆ ಪತ್ರವೂ, ಅವರು ಸಹಿ ಮಾಡಿದ 35ನೆಯ ನಮೂನೆಯೂ ಕೈಸೇರುವವರೆಗೆ ಹಣದ ಚೀಲದ ಬಾಯಿ ಬಿಚ್ಚಬೇಡಿರಿ.