ದುಡಿಯುತ್ತ ಓದುವವರ ಲೆಕ್ಕ
ದುಡಿಯುತ್ತಲೇ ಭೌತಶಾಸ್ತ್ರ, ಗಣಿತಗಳ ಪದವಿಗೆ ಓದುವ ತರುಣರು ಯಾವ ವಿಷಯಗಳನ್ನು ಆಯಬೇಕೆಂದು ನನ್ನನ್ನು ಕೇಳುವುದುಂಟು. ಮೊದಲು ಗಂಟೆಗಳನ್ನು ಎಣಿಸಿರೆಂದೇ ನನ್ನ ಉತ್ತರ. ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದ ಲೆಕ್ಕದಲ್ಲಿ ಒಂದು ಕ್ರೆಡಿಟ್ಟೆಂದರೆ 30 ಗಂಟೆಗಳ ಅಧ್ಯಯನ. 4 ಕ್ರೆಡಿಟ್ಟಿನ ವಿಷಯವೊಂದನ್ನು 24 ವಾರಗಳಲ್ಲಿ ಮುಗಿಸಲು ವಾರಕ್ಕೆ 5 ಗಂಟೆ ಬೇಕು; ಅಂಥ ನಾಲ್ಕಕ್ಕೆ 20. ಅರ್ಧ ದಿನದ ದುಡಿಮೆಯೊಡನೆ ಎರಡೇ ಸಾಕು: ಗಣಿತದ್ದೊಂದು, ಭೌತಶಾಸ್ತ್ರದ್ದೊಂದು.

ಗಣಿತ ಸದಾ ಒಂದು ಹೆಜ್ಜೆ ಮುಂದಿರಲಿ: ಗತಿವಿಜ್ಞಾನಕ್ಕೆ ಮುನ್ನ ಕಲನಶಾಸ್ತ್ರ, ಕ್ವಾಂಟಂ ಸಿದ್ಧಾಂತಕ್ಕೆ ಮುನ್ನ ಮಾತೃಕೆಗಳು. 1925ರಲ್ಲಿ ಹೈಸನ್‌ಬರ್ಗ್ ಮಾತೃಕೆಗಳ ಗುಣಾಕಾರವನ್ನು ಅದರ ಹೆಸರರಿಯದೆಯೇ ಬಳಸಿದ. ಗುರುತಿಸಿ ಹೇಳಲು ಮ್ಯಾಕ್ಸ್ ಬಾರ್ನ್ ಇದ್ದ. ದಣಿದು ಬಂದು ರಾತ್ರಿ ಒಂಟಿಯಾಗಿ ಪುಸ್ತಕ ಬಿಡಿಸುವವರಿಗೆ ಅಂಥ ನೆರವಿಲ್ಲ. ಪದವಿ ಎರಡು ವರ್ಷ ತಡವಾದರೆ ನಷ್ಟವಿಲ್ಲ. ಅರ್ಥವಾಗದೆ ಓದೇ ನಿಂತರೆ ಅದು ನಷ್ಟ.