ಮೂಳೆ ಸೋಂಕಿಗೆ ಸೂಜಿಯೋ, ಮಾತ್ರೆಯೋ?

ಆರು ವಾರ ರಕ್ತನಾಳಕ್ಕೇ ಔಷಧ ಏರಿಸಬೇಕೆಂಬ ಅರ್ಧ ಶತಮಾನದ ರೂಢಿಯನ್ನು ಬ್ರಿಟನ್ನಿನ ಪ್ರಯೋಗವೊಂದು ಅಲುಗಾಡಿಸಿತು. ಆದರೆ ಆ ಉತ್ತರ ನಮ್ಮ ಆಸ್ಪತ್ರೆಗಳಿಗೆ ಎಷ್ಟರಮಟ್ಟಿಗೆ ಒಗ್ಗುತ್ತದೆ?

ಜ್ವರಕ್ಕೆಂದು ಡಾಕ್ಟರ ಬಳಿ ಹೋದವರು ಬರೀ ಮಾತ್ರೆ ತಂದರೆ ಮನೆಯಲ್ಲಿ ಮೊದಲು ಕೇಳುವ ಮಾತು, ‘ಇಂಜೆಕ್ಷನ್ ಕೊಡಲಿಲ್ವಾ?’ ಮಾತ್ರೆಗಿಂತ ಸೂಜಿ ಗಟ್ಟಿ, ಸೂಜಿಗಿಂತ ಬಾಟ್ಲಿ ಇನ್ನೂ ಗಟ್ಟಿ ಎಂಬ ನಂಬಿಕೆ ನಮ್ಮ ಊರೂರಲ್ಲೂ ಇದೆ. ತಿಳಿಯದವರ ನಂಬಿಕೆ ಎಂದು ನಗುವ ಹಾಗಿಲ್ಲ. ಮೂಳೆ ಮತ್ತು ಕೀಲಿನ ಸೋಂಕಿನ ಮಟ್ಟಿಗೆ ಜಗತ್ತಿನ ದೊಡ್ಡ ಆಸ್ಪತ್ರೆಗಳ ತಜ್ಞರೂ ಸುಮಾರು ಐವತ್ತು ವರ್ಷ ಇದನ್ನೇ ನಂಬಿದ್ದರು. ಮುರಿದ ಕಾಲಿಗೆ ಹಾಕಿದ ಪ್ಲೇಟಿನ ಸುತ್ತ ಕೀವು ಕಟ್ಟಿರಲಿ, ಬದಲಿಸಿದ ಮಂಡಿಯೊಳಗೆ ಬ್ಯಾಕ್ಟೀರಿಯಾ ಸೇರಿರಲಿ, ನಾಲ್ಕರಿಂದ ಆರು ವಾರ ರಕ್ತನಾಳದ ಮೂಲಕವೇ ಆಂಟಿಬಯಾಟಿಕ್ ಹೋಗಬೇಕು ಎಂಬುದು ಪ್ರಶ್ನೆಯೇ ಇಲ್ಲದ ನಿಯಮವಾಗಿತ್ತು.

ಪ್ರಶ್ನೆ ಎತ್ತಿದ್ದು ಆಕ್ಸ್‌ಫರ್ಡ್‌ನ ನಫೀಲ್ಡ್ ಆರ್ಥೋಪೀಡಿಕ್ ಸೆಂಟರ್‌ನಲ್ಲಿ ಮೂಳೆ ಸೋಂಕಿಗೆಂದೇ ಇರುವ ಘಟಕ. ಅಲ್ಲಿಂದ ಹೊರಟ ‘ಒವಿವಾ’ ಪ್ರಯೋಗದ ಫಲಿತಾಂಶ 2019ರ ಜನವರಿಯಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಪ್ರಕಟವಾಯಿತು. ಸರಿಯಾಗಿ ಆರಿಸಿದ ಮಾತ್ರೆಯೂ ಸೂಜಿಮದ್ದಿನಷ್ಟೇ ಕೆಲಸ ಮಾಡುತ್ತದೆ ಎಂಬುದು ಅದರ ಸಾರ. ಮಾತು ಸರಳವಾಗಿದೆ, ಅದರ ಹಿಂದಿರುವ ಷರತ್ತುಗಳು ಅಷ್ಟು ಸರಳವಲ್ಲ.

ಮೂಳೆಗೆ ಯಾಕಿಷ್ಟು ಹಟ?

ಮೂಳೆ ಜೀವಂತ ಅಂಗಾಂಶ. ಅದರೊಳಗೂ ರಕ್ತ ಓಡಾಡುತ್ತದೆ. ಸೋಂಕು ತಗುಲಿ ಕೀವು ತುಂಬಿದಾಗ ಒಳಗಿನ ಒತ್ತಡಕ್ಕೆ ಆ ರಕ್ತಸಂಚಾರ ನಿಂತು, ಒಂದಿಷ್ಟು ಭಾಗ ಸತ್ತುಹೋಗುತ್ತದೆ. ರಕ್ತ ತಲುಪದ ಕಡೆ ರಕ್ತದಲ್ಲಿ ಸಾಗುವ ಔಷಧವೂ ತಲುಪುವುದಿಲ್ಲ. ಹಾಗಾಗಿ ಸತ್ತ ಮೂಳೆಯನ್ನು ಕೆತ್ತಿ ತೆಗೆಯದೆ ಬರೀ ಆಂಟಿಬಯಾಟಿಕ್ ಕೊಟ್ಟರೆ ಗಾಯ ಒಣಗಿದಂತೆ ಕಂಡು, ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ ಮತ್ತೆ ಬಾಯಿಬಿಟ್ಟು ಕೀವು ಸೋರುತ್ತದೆ.

ಲೋಹವಿದ್ದರೆ ಇನ್ನೊಂದು ತೊಡಕು. ರಾಡು, ಸ್ಕ್ರೂ, ಕೃತಕ ಕೀಲುಗಳ ಮೇಲೆ ಬ್ಯಾಕ್ಟೀರಿಯಾಗಳು ಮಳೆಗಾಲದ ಬಚ್ಚಲುಕಲ್ಲಿನ ಲೋಳೆಯಂತೆ ಒಂದು ಪೊರೆ ಕಟ್ಟಿಕೊಳ್ಳುತ್ತವೆ. ‘ಬಯೋಫಿಲ್ಮ್’ ಎಂಬ ಈ ಪೊರೆಯೊಳಗೆ ಅವು ಬೆಳವಣಿಗೆಯನ್ನು ಬಹುಪಾಲು ನಿಲ್ಲಿಸಿ ಅಡಗಿರುತ್ತವೆ. ಬೆಳೆಯುತ್ತಿರುವ ಬ್ಯಾಕ್ಟೀರಿಯಾವನ್ನು ಕೊಲ್ಲುವ ಹೆಚ್ಚಿನ ಔಷಧಗಳು ಬೆಳೆಯದೆ ಕುಳಿತವನ್ನು ಮುಟ್ಟಲಾರವು. ಇಂಥ ಸೋಂಕುಗಳಲ್ಲಿ ಮೊದಲ ಹೆಸರು ಸ್ಟ್ಯಾಫಿಲೋಕಾಕಸ್ ಆರಿಯಸ್‌ನದು. ಅದು ಎಷ್ಟೋ ಜನರ ಮೂಗಿನಲ್ಲಿ ತಣ್ಣಗೆ ಕೂತಿರುವ ಬ್ಯಾಕ್ಟೀರಿಯಾ.

ರೂಢಿ ಹುಟ್ಟಿದ ಬಗೆ

1941ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಪೆನಿಸಿಲಿನ್ ಮೊಟ್ಟಮೊದಲು ಪಡೆದ ಬೆರಳೆಣಿಕೆಯ ರೋಗಿಗಳಲ್ಲಿ, ಸೊಂಟದ ಮೂಳೆಗೆ ಪಿನ್ ಹಾಕಿದ ಮೇಲೆ ಸೋಂಕು ತಗುಲಿದ ಹದಿಹರೆಯದ ಹುಡುಗನೂ ಒಬ್ಬ. ಆ ಕಾಲದ ಪೆನಿಸಿಲಿನ್ ಬಾಯಿಂದ ಕೊಟ್ಟರೆ ಹೊಟ್ಟೆಯ ಆಮ್ಲಕ್ಕೇ ಹಾಳಾಗುತ್ತಿತ್ತು. ಸೂಜಿಯಲ್ಲದೆ ದಾರಿಯಿರಲಿಲ್ಲ.

1970ರಲ್ಲಿ ಫ್ರಾನ್ಸಿಸ್ ವಾಲ್ಡ್‌ಫೋಗೆಲ್ ಮತ್ತು ಸಂಗಡಿಗರು ಬಾಸ್ಟನ್‌ನ ಆಸ್ಪತ್ರೆಯೊಂದರ 247 ಮೂಳೆ ಸೋಂಕಿನ ರೋಗಿಗಳ ದಾಖಲೆಗಳನ್ನು ಒಟ್ಟುಗೂಡಿಸಿ ಮೂರು ಕಂತುಗಳ ದೀರ್ಘ ಲೇಖನ ಬರೆದರು. ಪೂರ್ಣವಾಗಿ ಕೆತ್ತಿ ತೆಗೆಯುವ ಶಸ್ತ್ರಚಿಕಿತ್ಸೆ, ಜೊತೆಗೆ ನಾಲ್ಕರಿಂದ ಆರು ವಾರ ಸೂಜಿಮದ್ದು, ಇವೆರಡೂ ಕೂಡದೆ ಈ ರೋಗ ಹತೋಟಿಗೆ ಬರುವುದು ಅಪರೂಪ ಎಂದರು. ಅವರ ಕಾಲಕ್ಕೆ, ಅವರ ಕೈಲಿದ್ದ ಔಷಧಗಳಿಗೆ ಅದು ತಕ್ಕ ಮಾತು. ಆದರೆ ಸೂಜಿಯನ್ನೂ ಮಾತ್ರೆಯನ್ನೂ ಎದುರುಬದುರಿಟ್ಟು ತೂಗಿ ನೋಡಿದ ತೀರ್ಮಾನ ಅದಾಗಿರಲಿಲ್ಲ.

ಮುಂದೆ ಬಾಯಿಂದ ತೆಗೆದುಕೊಂಡರೂ ರಕ್ತಕ್ಕೆ ಚೆನ್ನಾಗಿ ಸೇರುವ, ಮೂಳೆಯನ್ನೂ ಹೊಗುವ ಕ್ವಿನಲೋನ್, ಕ್ಲಿಂಡಮೈಸಿನ್, ಲೈನೆಜೊಲಿಡ್‌ನಂಥ ಔಷಧಗಳು ಬಂದವು. ನಿಯಮ ಮಾತ್ರ ಹಾಗೇ ಉಳಿಯಿತು. 2013ರವರೆಗಿನ ಪ್ರಯೋಗಗಳನ್ನೆಲ್ಲ ಕಾಕ್ರೇನ್ ಸಂಸ್ಥೆಯ ವಿಮರ್ಶಕರು ಹುಡುಕಿ ಕೂಡಿಸಿದಾಗ ಸಿಕ್ಕವು ಎಂಟು ಸಣ್ಣ ಅಧ್ಯಯನಗಳು. ಎಲ್ಲ ಸೇರಿ ರೋಗಿಗಳ ಸಂಖ್ಯೆ ಮುನ್ನೂರನ್ನೂ ಮುಟ್ಟಲಿಲ್ಲ. ಲಕ್ಷಾಂತರ ಜನರ ಚಿಕಿತ್ಸೆ ಇಷ್ಟು ತೆಳುವಾದ ಪುರಾವೆಯ ಮೇಲೆ ನಿಂತಿತ್ತು.

1,054 ರೋಗಿಗಳ ಉತ್ತರ

ಒವಿವಾ ಪ್ರಯೋಗಕ್ಕೆ 2010ರಿಂದ 2015ರವರೆಗೆ ಬ್ರಿಟನ್ನಿನ 26 ಕೇಂದ್ರಗಳಲ್ಲಿ 1,054 ಜನ ಸೇರಿದರು. ಶಸ್ತ್ರಚಿಕಿತ್ಸೆಯಾದ, ಇಲ್ಲವೇ ಔಷಧ ಆರಂಭವಾದ ಏಳು ದಿನಗಳೊಳಗೆ ಚೀಟಿ ಎತ್ತಿದಂತೆ ಅವರನ್ನು ಎರಡು ಸಮಪಾಲು ಮಾಡಲಾಯಿತು. ಒಂದು ಗುಂಪಿಗೆ ಆರು ವಾರ ಸೂಜಿಮದ್ದು, ಇನ್ನೊಂದಕ್ಕೆ ಮಾತ್ರೆ. ಯಾವ ಔಷಧ ಎಂಬುದನ್ನು ರೋಗಿ ರೋಗಿಗೂ ಸೋಂಕುತಜ್ಞರೇ ತೀರ್ಮಾನಿಸಿದರು. ಯಾರಿಗೆ ಯಾವ ಬಗೆಯ ಚಿಕಿತ್ಸೆ ಎಂದು ತಿಳಿಯದ ಸಮಿತಿಯೊಂದು ವರ್ಷದ ಕೊನೆಗೆ ಫಲಿತಾಂಶವನ್ನು ನಿರ್ಣಯಿಸಿತು.

ಚಿಕಿತ್ಸೆ ಸೋತ ಪ್ರಮಾಣ ಸೂಜಿಯ ಗುಂಪಿನಲ್ಲಿ ಶೇ 14.6, ಮಾತ್ರೆಯ ಗುಂಪಿನಲ್ಲಿ ಶೇ 13.2. ಮಾತ್ರೆ ಸೂಜಿಗಿಂತ ಕೀಳಲ್ಲ ಎನ್ನಲು ಸಂಶೋಧಕರು ಮೊದಲೇ ಹಾಕಿಕೊಂಡಿದ್ದ ಗೆರೆಯೊಳಗೇ ಈ ವ್ಯತ್ಯಾಸ ನಿಂತಿತು. ರಕ್ತನಾಳದೊಳಗೆ ವಾರಗಟ್ಟಲೆ ಇಟ್ಟ ನಳಿಕೆಯಿಂದಾದ ತೊಂದರೆಗಳು ಒಂದು ಕಡೆ ಶೇ 9.4, ಇನ್ನೊಂದು ಕಡೆ ಶೇ 1. ಮಾತ್ರೆಯವರು ಆಸ್ಪತ್ರೆಯಿಂದ ಬೇಗ ಮನೆಗೆ ಹೋದರು. ವರ್ಷದ ವೆಚ್ಚದಲ್ಲಿ ಒಬ್ಬೊಬ್ಬರಿಗೂ ಸುಮಾರು 2,700 ಪೌಂಡ್ ಉಳಿಯಿತು.

ಪ್ರಯೋಗದೊಳಗೆ ಬಾರದವರನ್ನೂ ಇಲ್ಲಿ ನೆನಪಿಡಬೇಕು. ರಕ್ತದಲ್ಲೇ ಸ್ಟ್ಯಾಫಿಲೋಕಾಕಸ್ ಆರಿಯಸ್ ಹರಡಿದ್ದವರು, ಹೃದಯದ ಕವಾಟಕ್ಕೆ ಸೋಂಕು ತಗುಲಿದವರು, ಸೋಂಕಿನಿಂದ ಆಘಾತ ಸ್ಥಿತಿಗೆ ಜಾರಿದವರು, ಕ್ಷಯದ ರೋಗಿಗಳು ಇದರಲ್ಲಿ ಇರಲಿಲ್ಲ. ಭಾಗವಹಿಸಿದವರಲ್ಲಿ ಹೆಚ್ಚಿನವರಿಗೆ ಕೆತ್ತಿ ತೊಳೆಯುವ ಶಸ್ತ್ರಚಿಕಿತ್ಸೆ ಆಗಿತ್ತು. ಚಾಕುವಿನ ಕೆಲಸವನ್ನು ಮಾತ್ರೆ ಮಾಡಲಿಲ್ಲ.

ಕಡಿಮೆಯೇ ಸಾಕು ಎನ್ನುವಂತಿಲ್ಲ

ಔಷಧ ಹೋಗುವ ದಾರಿಯ ಪ್ರಶ್ನೆಯ ಜೊತೆಗೇ ಇನ್ನೊಂದಿತ್ತು: ಎಷ್ಟು ದಿನ? ಮಕ್ಕಳ ವಿಷಯದಲ್ಲಿ ಫಿನ್ಲೆಂಡಿನ ಹೈಕಿ ಪೆಲ್ಟೋಲ ಮತ್ತು ತಂಡ 2010ರಲ್ಲಿ 131 ಮಕ್ಕಳ ಅಧ್ಯಯನ ಪ್ರಕಟಿಸಿತು. ಮೊದಲ ಎರಡು–ನಾಲ್ಕು ದಿನ ಮಾತ್ರ ಸೂಜಿ, ಆಮೇಲೆ ಬಾಯಿಂದ ಔಷಧ, ಒಟ್ಟು 20 ದಿನ. ಹೊಸದಾಗಿ ಕಾಣಿಸಿಕೊಂಡ ಮೂಳೆ ಸೋಂಕಿಗೆ ಇದು 30 ದಿನದ ಚಿಕಿತ್ಸೆಗೆ ಸಮನಾಯಿತು. ಬೆನ್ನುಮೂಳೆಯ ಸೋಂಕಿನಲ್ಲಿ ಆರು ವಾರ ಸಾಕೇ, ಹನ್ನೆರಡು ಬೇಕೇ ಎಂದು ಫ್ರಾನ್ಸಿನಲ್ಲಿ ನೋಡಿದಾಗ ಎರಡೂ ಗುಂಪಿನಲ್ಲಿ ಗುಣವಾದವರು ಶೇ 90.9. 2015ರ ‘ಲ್ಯಾನ್ಸೆಟ್’ನಲ್ಲಿ ಬಂದ ಫಲಿತಾಂಶ ಇದು.

ಅದೇ ಧೈರ್ಯದಲ್ಲಿ ಫ್ರಾನ್ಸಿನವರು ಕೃತಕ ಕೀಲುಗಳ ಕಡೆ ತಿರುಗಿದರು. ‘ಡಾಟಿಪೊ’ ಎಂಬ ಆ ಪ್ರಯೋಗದಲ್ಲಿ 28 ಕೇಂದ್ರಗಳ 410 ರೋಗಿಗಳಿದ್ದರು. 2021ರಲ್ಲಿ ಬಂದ ಉತ್ತರ ಅನೇಕರ ನಿರೀಕ್ಷೆಗೆ ವಿರುದ್ಧವಾಗಿತ್ತು. ಆರು ವಾರ ಔಷಧ ಪಡೆದವರಲ್ಲಿ ಸೋಂಕು ಉಳಿದದ್ದು ಶೇ 18.1, ಹನ್ನೆರಡು ವಾರ ಪಡೆದವರಲ್ಲಿ ಶೇ 9.4. ಸೋಂಕಿತ ಕೀಲನ್ನು ತೆಗೆಯದೆ ತೊಳೆದು ಉಳಿಸಿಕೊಂಡವರಲ್ಲಿ ಈ ಅಂತರ ಇನ್ನೂ ಎದ್ದು ಕಂಡಿತು. ಲೋಹಕ್ಕಂಟಿದ ಪೊರೆಗೆ ಸಮಯ ಕೊಡಲೇಬೇಕು.

ಆ ಪೊರೆಯನ್ನು ಭೇದಿಸುವ ಔಷಧವೆಂದು ರಿಫಾಂಪಿಸಿನ್ ಹೆಸರಾದದ್ದು 1998ರಲ್ಲಿ. ಸ್ವಿಟ್ಜರ್‌ಲೆಂಡಿನ ವೆರ್ನರ್ ಸಿಮ್ಮರ್ಲಿ ತಂಡದ ಪ್ರಯೋಗದಲ್ಲಿ ಅದನ್ನು ಇನ್ನೊಂದು ಆಂಟಿಬಯಾಟಿಕ್ ಜೊತೆಗೆ ಪಡೆದು ಚಿಕಿತ್ಸೆ ಮುಗಿಸಿದ 12 ಮಂದಿಯೂ ಗುಣವಾದರು. ಪಡೆಯದ 12ರಲ್ಲಿ ಗುಣವಾದವರು ಏಳು. ಪ್ರಯೋಗ ಚಿಕ್ಕದು, ಅದರ ಪ್ರಭಾವ ದೊಡ್ಡದು. ಎರಡು ದಶಕ ಮಾರ್ಗಸೂಚಿಗಳು ಅದನ್ನೇ ನೆಚ್ಚಿಕೊಂಡವು. 2020ರಲ್ಲಿ ನಾರ್ವೆಯ ತಂಡವೊಂದು 48 ರೋಗಿಗಳಲ್ಲಿ ಮತ್ತೆ ಪರೀಕ್ಷಿಸಿದಾಗ ಅಂಥ ಲಾಭ ಕಾಣಲಿಲ್ಲ. ಅದೂ ಚಿಕ್ಕದೇ. ಪ್ರಶ್ನೆ ಇನ್ನೂ ತೆರೆದೇ ಇದೆ.

ಮೊದಲು ಗುರುತು, ಆಮೇಲೆ ಮದ್ದು

ಈ ಎಲ್ಲ ಪ್ರಯೋಗಗಳ ತಳದಲ್ಲಿ ಒಂದು ಅನುಕೂಲವಿತ್ತು: ಬಹುಪಾಲು ರೋಗಿಗಳಲ್ಲಿ ಬ್ಯಾಕ್ಟೀರಿಯಾ ಯಾವುದು, ಅದು ಯಾವ ಔಷಧಕ್ಕೆ ಮಣಿಯುತ್ತದೆ ಎಂಬುದು ಗೊತ್ತಿತ್ತು. ಆ ಗುರುತು ಸುಲಭಕ್ಕೆ ಸಿಗುವುದಿಲ್ಲ. ರಕ್ತಪರೀಕ್ಷೆಯಲ್ಲಿ ಇಎಸ್‌ಆರ್, ಸಿಆರ್‌ಪಿ ಏರಿದರೆ ಎಲ್ಲೋ ಉರಿಯೂತವಿದೆ ಎಂದಷ್ಟೇ ಅರ್ಥ. ಎಕ್ಸ್‌ರೇಯಲ್ಲಿ ಬದಲಾವಣೆ ಕಾಣಲು ಹತ್ತು–ಹದಿನಾಲ್ಕು ದಿನವೇ ಬೇಕಾಗಬಹುದು. ಎಂಆರ್‌ಐ ಬೇಗ ತೋರಿಸುತ್ತದೆ, ಆದರೆ ಬ್ಯಾಕ್ಟೀರಿಯಾದ ಹೆಸರು ಹೇಳುವುದಿಲ್ಲ. ಹೆಸರು ಬೇಕೆಂದರೆ ಒಳಗಿನ ಅಂಗಾಂಶವನ್ನೇ ಕಲ್ಚರ್‌ಗೆ, ಅಂದರೆ ಲ್ಯಾಬಿನಲ್ಲಿ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆಗೆ, ಕಳಿಸಬೇಕು. ಹೊರಗೆ ಸೋರುವ ಕೀವನ್ನು ಹತ್ತಿಯಲ್ಲಿ ಒರೆಸಿ ಕಳಿಸಿದರೆ ಬೆಳೆಯುವುದು ಹಲವು ಸಲ ಚರ್ಮದ ಮೇಲಿನ ಬ್ಯಾಕ್ಟೀರಿಯಾ.

ಒಂದೇ ತುಂಡು ಸಾಲದು ಎಂದು ತೋರಿಸಿದ್ದೂ ಆಕ್ಸ್‌ಫರ್ಡೇ. 1998ರಲ್ಲಿ ಬಂದ ಅಲ್ಲಿನ ಅಧ್ಯಯನದ ಪ್ರಕಾರ ಶಸ್ತ್ರಚಿಕಿತ್ಸೆಯ ವೇಳೆ ಬೇರೆ ಬೇರೆ ಜಾಗದಿಂದ ಐದಾರು ಮಾದರಿ ತೆಗೆಯಬೇಕು. ಮೂರು ಅಥವಾ ಅದಕ್ಕಿಂತ ಹೆಚ್ಚು ಮಾದರಿಗಳಲ್ಲಿ ಅದೇ ಬ್ಯಾಕ್ಟೀರಿಯಾ ಬೆಳೆದರೆ ನಂಬಬಹುದು, ಒಂದರಲ್ಲಷ್ಟೇ ಕಂಡರೆ ಅದು ಹೊರಗಿನಿಂದ ಬೆರೆತದ್ದಿರಬಹುದು. ಅಮೆರಿಕದ ಮೇಯೊ ಕ್ಲಿನಿಕ್‌ನವರು 2007ರಲ್ಲಿ ಇನ್ನೊಂದು ಉಪಾಯ ಮುಂದಿಟ್ಟರು. ತೆಗೆದ ಕೃತಕ ಕೀಲನ್ನು ದ್ರವದಲ್ಲಿ ಮುಳುಗಿಸಿ, ಕಿವಿಗೆ ಕೇಳದ ಶಬ್ದತರಂಗಗಳಿಂದ ಅಲುಗಿಸಿ ಪೊರೆಯನ್ನು ಕಳಚಿ, ಆ ದ್ರವವನ್ನು ಕಲ್ಚರ್‌ಗೆ ಹಾಕುವುದು. ಸೋಂಕಿದ್ದವರಲ್ಲಿ ಸಾಮಾನ್ಯ ಅಂಗಾಂಶದ ಕಲ್ಚರ್ ಶೇ 60.8ರಷ್ಟು ಮಂದಿಯಲ್ಲಿ ಹಿಡಿದದ್ದನ್ನು ಇದು ಶೇ 78.5ರಲ್ಲಿ ಹಿಡಿಯಿತು.

ನಮ್ಮ ಮಟ್ಟಿಗೆ ಹೆಚ್ಚು ಮುಖ್ಯವಾದದ್ದು ಅದೇ ಅಧ್ಯಯನದ ಇನ್ನೊಂದು ಅಂಕಿ. ಶಸ್ತ್ರಚಿಕಿತ್ಸೆಗೆ ಹಿಂದಿನ ಹದಿನಾಲ್ಕು ದಿನಗಳಲ್ಲಿ ಆಂಟಿಬಯಾಟಿಕ್ ತೆಗೆದುಕೊಂಡವರಲ್ಲಿ ಅಂಗಾಂಶದ ಕಲ್ಚರ್ ಪತ್ತೆಹಚ್ಚಿದ್ದು ಶೇ 45ರಷ್ಟು ಮಾತ್ರ. ‘ಹೇಗೂ ಇರಲಿ’ ಎಂದು ಮೊದಲೇ ನುಂಗಿಸಿದ ನಾಲ್ಕು ದಿನದ ಮಾತ್ರೆ ಸೋಂಕನ್ನು ಕೊಲ್ಲದೆ ಅದರ ಗುರುತನ್ನಷ್ಟೇ ಅಳಿಸುತ್ತದೆ.

ನಮ್ಮ ನೆಲದ ಬ್ಯಾಕ್ಟೀರಿಯಾ ಬೇರೆ

ಕರಾವಳಿಯಲ್ಲಿ ಮಳೆಗಾಲ ಹಿಡಿದರೆ ಮಣಿಪಾಲದ ವೈದ್ಯರು ಮೆಲಿಯಾಯ್ಡೋಸಿಸ್ ಬಗ್ಗೆ ಎಚ್ಚರವಾಗುತ್ತಾರೆ. ಮಣ್ಣು ಮತ್ತು ನೀರಿನಲ್ಲಿರುವ ಬರ್ಕ್‌ಹೋಲ್ಡೇರಿಯಾ ಸ್ಯೂಡೊಮ್ಯಾಲಿಯೈ ಎಂಬ ಬ್ಯಾಕ್ಟೀರಿಯಾದಿಂದ ಬರುವ ಈ ರೋಗ ಸಕ್ಕರೆ ಕಾಯಿಲೆಯವರನ್ನು ಹೆಚ್ಚು ಕಾಡುತ್ತದೆ. ಮೂಳೆಗೂ ಕೀಲಿಗೂ ಇಳಿಯುತ್ತದೆ. ಕ್ಷಯವೆಂದೋ ಬೇರೆ ಬ್ಯಾಕ್ಟೀರಿಯಾ ಎಂದೋ ತಪ್ಪು ತಿಳಿಯುವುದು ಸುಲಭ. ಆಸ್ಟ್ರೇಲಿಯಾದ ಡಾರ್ವಿನ್‌ನ ತಜ್ಞರ ಮಾರ್ಗಸೂಚಿಯಂತೆ ಮೂಳೆಗಿಳಿದ ಮೆಲಿಯಾಯ್ಡೋಸಿಸ್‌ಗೆ ಕನಿಷ್ಠ ಆರು ವಾರ ಸೂಜಿಮದ್ದು, ಆಮೇಲೆ ಆರು ತಿಂಗಳು ಮಾತ್ರೆ ಬೇಕು. ಒವಿವಾದ ಉತ್ತರವನ್ನು ಇಲ್ಲಿಗೆ ತಂದರೆ ಜೀವಕ್ಕೇ ಅಪಾಯ.

ಉತ್ತರ ಕರ್ನಾಟಕದಲ್ಲಿ ಇನ್ನೊಂದು ಕತೆ. ವಿಜಯಪುರದಲ್ಲಿ ಬಿ.ಜಿ. ಮಂಟೂರ ಮತ್ತು ಸಂಗಡಿಗರು 16 ವರ್ಷಗಳಲ್ಲಿ ಕಂಡ 495 ವಯಸ್ಕ ಬ್ರುಸೆಲ್ಲೋಸಿಸ್ ರೋಗಿಗಳ ವಿವರವನ್ನು 2006ರಲ್ಲಿ ಪ್ರಕಟಿಸಿದರು. ದನ–ಕುರಿಗಳ ಒಡನಾಟದಿಂದ, ಕಾಯಿಸದ ಹಾಲಿನಿಂದ ಬರುವ ಈ ಸೋಂಕು ಎಷ್ಟೋ ಸಲ ಬಿಟ್ಟುಬಿಟ್ಟು ಬರುವ ಜ್ವರ, ಕೀಲುನೋವಾಗಿ ಕಾಣಿಸಿಕೊಳ್ಳುತ್ತದೆ. ಕೇಳಿ ತಿಳಿಯದಿದ್ದರೆ ಬರೀ ಸಂಧಿವಾತವೆಂದು ವರ್ಷಗಟ್ಟಲೆ ನೋವಿನ ಮಾತ್ರೆ ನುಂಗುತ್ತಿರಬಹುದು.

ಇವೆಲ್ಲದರ ಹಿಂದೆ ಕ್ಷಯವಿದೆ. ಬ್ರಿಟನ್ನಿನ ವೈದ್ಯರು ಹಗುರಾಗಿ ಬರೆಯಬಲ್ಲ ಕ್ವಿನಲೋನ್ ಮತ್ತು ರಿಫಾಂಪಿಸಿನ್ ಎರಡೂ ಕ್ಷಯದ ಮೇಲೂ ಕೆಲಸ ಮಾಡುತ್ತವೆ. ಬೆನ್ನುಮೂಳೆಯ ಕ್ಷಯವಿರುವವರಿಗೆ ಗುರುತು ಸಿಗುವ ಮೊದಲೇ ಅವನ್ನು ಕೊಟ್ಟರೆ ನೋವು ಕೆಲದಿನ ತಗ್ಗುತ್ತದೆ, ರೋಗ ಒಳಗೊಳಗೇ ಮುಂದುವರಿಯುತ್ತದೆ, ಔಷಧಕ್ಕೆ ಬಗ್ಗದ ಕ್ಷಯಕ್ಕೂ ದಾರಿಯಾಗುತ್ತದೆ. ಸಾಲದ್ದಕ್ಕೆ ಕ್ವಿನಲೋನ್‌ಗೆ ಜಗ್ಗದ ಬ್ಯಾಕ್ಟೀರಿಯಾಗಳು ನಮ್ಮ ಆಸ್ಪತ್ರೆಗಳಲ್ಲಿ ಸಾಕಷ್ಟಿವೆ.

ಮನೆಯವರು ಗಮನಿಸಬೇಕಾದದ್ದು

ಜ್ವರವಿರುವ ಮಗು ಒಂದು ಕೈ ಅಥವಾ ಕಾಲನ್ನು ಆಡಿಸಲು ಬಿಡದಿದ್ದರೆ, ಒಂದೇ ಕೀಲು ಬಿಸಿಯಾಗಿ ಊದಿಕೊಂಡರೆ ಅಂದೇ ಆಸ್ಪತ್ರೆಗೆ ಹೋಗಬೇಕು. ಕೀಲಿನೊಳಗಿನ ಕೀವು ಮೃದ್ವಸ್ಥಿಯನ್ನು ತಿನ್ನಲು ಹೆಚ್ಚು ದಿನ ಬೇಡ. ಕೀಲು ಬದಲಿಸಿದ ಗಾಯ ಸೋರತೊಡಗಿದರೆ ಔಷಧದಂಗಡಿಯಿಂದ ಮಾತ್ರೆ ತರದೆ ಶಸ್ತ್ರಚಿಕಿತ್ಸೆ ಮಾಡಿದವರಿಗೇ ತೋರಿಸಬೇಕು. ‘ಕಲ್ಚರ್‌ಗೆ ಕಳಿಸಿದ್ದೀರಾ ಡಾಕ್ಟ್ರೇ?’ ಎಂದು ಕೇಳುವುದು ಅಧಿಕಪ್ರಸಂಗವಲ್ಲ. ರೋಗಿ ತೀರಾ ಕುಸಿದಿದ್ದಾಗ ಮಾತ್ರ ವೈದ್ಯರು ವರದಿಗೆ ಕಾಯದೆ ಔಷಧ ಶುರುಮಾಡಬೇಕಾಗುತ್ತದೆ.

ಮದರಾಸು ತೋರಿದ ದಾರಿ

ರೂಢಿಯನ್ನು ಪರೀಕ್ಷೆಗೊಡ್ಡುವ ಕೆಲಸ ನಮಗೆ ಹೊಸದಲ್ಲ. ಕ್ಷಯರೋಗಿ ಸ್ಯಾನಿಟೋರಿಯಂನಲ್ಲೇ ಇರಬೇಕು ಎನ್ನುತ್ತಿದ್ದ ಕಾಲದಲ್ಲಿ, 1956ರಲ್ಲಿ ಮದರಾಸಿನಲ್ಲಿ ಕ್ಷಯ ಚಿಕಿತ್ಸಾ ಸಂಶೋಧನಾ ಕೇಂದ್ರ ಶುರುವಾಯಿತು. ಮನೆಯಲ್ಲೇ ಔಷಧ ಪಡೆದವರೂ ಸ್ಯಾನಿಟೋರಿಯಂನವರಷ್ಟೇ ಗುಣವಾಗುತ್ತಾರೆಂದು 1959ರಲ್ಲಿ ಜಗತ್ತಿಗೆ ತೋರಿಸಿತು. ಬೆನ್ನುಮೂಳೆಯ ಕ್ಷಯದ ಮೇಲೆ ಬ್ರಿಟನ್ನಿನ ಮೆಡಿಕಲ್ ರಿಸರ್ಚ್ ಕೌನ್ಸಿಲ್ ಹಲವು ದೇಶಗಳಲ್ಲಿ ನಡೆಸಿದ ಪ್ರಯೋಗಗಳಲ್ಲೂ ಇಂಥದೇ ಉತ್ತರಗಳು ಬಂದವು. ಕೊರಿಯಾದ ಮಸಾನ್‌ನಲ್ಲಿ ತಿಂಗಳುಗಟ್ಟಲೆ ಹಾಸಿಗೆಯಲ್ಲಿ ಮಲಗಿಸಿದ್ದರಿಂದ, ಪೂಸಾನ್‌ನಲ್ಲಿ ಮೈಗೆ ಪ್ಲಾಸ್ಟರ್ ಕಟ್ಟಿದ್ದರಿಂದ ಹೆಚ್ಚಿನ ಪ್ರಯೋಜನ ಕಾಣಲಿಲ್ಲ. ಮುಂದೆ ಮದರಾಸಿನಲ್ಲಿ ಓಡಾಡಿಕೊಂಡೇ ಔಷಧ ಪಡೆದ ಬಹುಪಾಲು ರೋಗಿಗಳು ದೊಡ್ಡ ಶಸ್ತ್ರಚಿಕಿತ್ಸೆಯಿಲ್ಲದೆ ಚೇತರಿಸಿಕೊಂಡರು.

ಇಂದು ಬೆಂಗಳೂರು, ಮಂಗಳೂರು, ಹುಬ್ಬಳ್ಳಿಗಳಲ್ಲಿ ಮಂಡಿ ಬದಲಿಸುವುದು ದಿನನಿತ್ಯದ ಕೆಲಸ. ನಮ್ಮ ಬ್ಯಾಕ್ಟೀರಿಯಾಗಳಿಗೆ ಯಾವ ಮಾತ್ರೆ, ಯಾರಿಗೆ, ಎಷ್ಟು ವಾರ ಎಂಬುದಕ್ಕೆ ಆಕ್ಸ್‌ಫರ್ಡಾಗಲಿ ಪ್ಯಾರಿಸ್ಸಾಗಲಿ ಉತ್ತರ ಕೊಡಲಾರವು. ಇಲ್ಲಿನ ಆಸ್ಪತ್ರೆಗಳು ಕೂಡಿ ನಡೆಸುವ ಪ್ರಯೋಗವೇ ಅದನ್ನು ಹೇಳಬೇಕು. ಅದಕ್ಕೆ ಮೊದಲು ಬೇಕಾದದ್ದು ದೊಡ್ಡ ಯಂತ್ರವೂ ಅಲ್ಲ, ಹೊಸ ಔಷಧವೂ ಅಲ್ಲ. ಪ್ರತಿ ರೋಗಿಗೂ ಮೊದಲ ಡೋಸ್ ಕೊಡುವ ಮುಂಚೆ ಮಾದರಿ ತೆಗೆದು, ಲ್ಯಾಬಿಗೆ ಕಳಿಸಿ, ವರದಿಯನ್ನು ಕಡತದಲ್ಲಿ ಉಳಿಸುವ ಶಿಸ್ತು ತಾಲ್ಲೂಕು ಆಸ್ಪತ್ರೆಯವರೆಗೂ ಬಂದರೆ ಸಾಕು, ಪ್ರಯೋಗದ ಅರ್ಧ ಕೆಲಸ ಆದಂತೆ.